ಇಳಿಸಿದ ವಯಸ್ಸು

‘ಜಯಶೀಲಾ ಆಂಟಿಗೆ ಎಪ್ಪತ್ತಾಯ್ತು. ಅವರ ಕೇಸು ಬೇಗ ವಿಚಾರಣೆಗೆ ತಗೊಳ್ಳಿ ಅಂತ ಅರ್ಜಿ ಹಾಕ್ತೀನಿ,’ ಎಂದಳು ವಕೀಲೆ ನಿಹಾರಿಕಾ. ‘ಲೀಲಾ ಆಂಟಿ, ಆಧಾರ್‌ನಲ್ಲಿ ನಿಮಗಿನ್ನೂ ಅರವತ್ತೇಳು. ಮೂರು ವರ್ಷ ಕಾಯ್ಬೇಕು, ಏನ್ ಮಾಡೋದು, ಕ್ಯಾ ಕರೇಂ.’

ಗ್ರೇಟರ್ ನೋಯ್ಡಾದ ಒಂದೇ ಕಟ್ಟಡದಲ್ಲಿ ದುಡ್ಡು ಕಟ್ಟಿಯೂ ಕೈಗೆ ಸಿಗದ ಫ್ಲ್ಯಾಟುಗಳಿಗಾಗಿ ಇಬ್ಬರೂ ಹನ್ನೊಂದು ವರ್ಷದಿಂದ ಕೋರ್ಟಿಗೆ ಅಲೆಯುತ್ತಿದ್ದರು. ಗೆಳತಿಯ ನರೆತ ತಲೆ ನೋಡಿ ಲೀಲಾವತಿಯ ಹೊಟ್ಟೆ ಉರಿಯಿತು. ತನ್ನ ತಲೆಗೆ ಮೊನ್ನೆಯಷ್ಟೇ ಬಣ್ಣ ಹಚ್ಚಿಕೊಂಡಿದ್ದಳು. ಮದುವೆಗೆಂದು ಅಪ್ಪ ಇಳಿಸಿ ಹೇಳಿದ್ದ ನಾಲ್ಕು ವರ್ಷವನ್ನು ಆಧಾರ್ ಕಾರ್ಡಿನವರೆಗೂ ಜೋಪಾನವಾಗಿ ತಂದಿದ್ದಳು. ಲಕ್ಷ್ಮೀ ನಗರಕ್ಕೆ ಬಂದ ದಿನದಿಂದ, ಮೂವತ್ತು ವರ್ಷ, ಪಕ್ಕದ ಮನೆಯ ಜಯಶೀಲಾಳನ್ನು ಎಲ್ಲರೆದುರು ಬಾಯ್ತುಂಬ ‘ಅಕ್ಕ’ ಎಂದು ಕರೆದಿದ್ದಳು.

ಅರ್ಜಿಗೆ ಸಹಿ ಹಾಕಲು ಜಯಶೀಲಾ ಪೆನ್ನು ತೆಗೆದಾಗ ಲೀಲಾವತಿಗೆ ತಡೆಯಲಾಗಲಿಲ್ಲ.

‘ಸ್ವಲ್ಪ ತಾಳಮ್ಮ ನಿಹಾರಿಕಾ. ಇವಳು ನನಗಿಂತ ಚಿಕ್ಕವಳು. ನನಗೆ ಎಪ್ಪತ್ತೊಂದು.’

‘ಪ್ರೂಫ್ ಏನಾದ್ರೂ ಇದೆಯಾ ಆಂಟಿ?’

ಜಯಶೀಲಾ ನಿಧಾನವಾಗಿ ಸಹಿ ಮುಗಿಸಿ, ಪೆನ್ನಿಗೆ ಮುಚ್ಚಳ ಹಾಕಿದಳು.

‘ನನಗೆ ಮೊದಲ ದಿನವೇ ಗೊತ್ತಾಗಿತ್ತು ಬಿಡಿ,’ ಎಂದಳು, ‘ಅಕ್ಕಾ.’