ಆರದ ನುಚ್ಚು

ತಮ್ಮನ ನುಚ್ಚು ಆರುವವರೆಗೆ ನಾನು ಕಾಯಲಿಲ್ಲ. ಈಗಲೂ ಒಲೆಯ ಮೇಲೆ ಜೋಳದ ನುಚ್ಚು ಕುದಿಯುವ ವಾಸನೆ ಬಂದರೆ ಕರೋಶಿಯ ನಮ್ಮ ಮನೆಯ ಆ ಮಧ್ಯಾಹ್ನ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ತಮ್ಮ ಎಷ್ಟು ತಿಂದರೂ ಬಡಕಲಾಗಿಯೇ ಇದ್ದ. ಉಂಡದ್ದನ್ನು ಒಡೆದು ಕರಗಿಸುವ ಕಿಣ್ವ ಅವನ ಹೊಟ್ಟೆಯಲ್ಲಿ ಹುಟ್ಟುತ್ತಿರಲಿಲ್ಲ. ದವಾಖಾನೆಯ ನರ್ಸಬಾಯಿ ಗುಳಿಗೆ ಬಿಚ್ಚಿ, ಒಳಗಿನ ಸಣ್ಣ ಕಾಳುಗಳನ್ನು ನನ್ನ ಅಂಗೈಗೆ ಸುರಿದು ಹೇಳಿದ್ದರು: “ಆ ಕಿಣ್ವ ಇದರಾಗ ಐತಿ. ಊಟದ ಜೋಡಿ ಕೊಡು. ಬಿಸೀದರಾಗ ಹಾಕಿದ್ರ ಕೆಟ್ಟು ಹೋಗತೈತಿ. ಹಾಲು ಆರಿಸಿ ಹೆಪ್ಪ ಹಾಕ್ತೀರಲ್ಲ, ಹಂಗ.”

ಆ ದಿನ ಅವ್ವ ಕಬ್ಬು ಕಡಿಯಲು ಹೋಗಿದ್ದಳು. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ಅದರ ಹಿಂದೆ ಓಡಿ ಕಬ್ಬು ಜಗ್ಗುವ ಆಸೆಗೆ, ಹೊಗೆಯಾಡುವ ನುಚ್ಚಿಗೇ ಕಾಳು ಕಲಸಿದೆ.

“ಅಕ್ಕಾ, ಇನ್ನೂ ಆರಿಲ್ಲ ಬೇ,” ಅಂದ.

“ತಿನ್ನಲೇ ಸಾಹೇಬಾ, ಹೊಟ್ಟ್ಯಾಗ ಹೋದ್ರ ಎಲ್ಲಾ ಒಂದ.”

ಅವನು ಊದಿ ಊದಿ ಉಂಡ. ಆಮೇಲೆ ದಿನವೂ ಹಾಗೇ ಮಾಡಿದೆ. ಅವನ ಹೊಟ್ಟೆನೋವು ನಿಲ್ಲಲಿಲ್ಲ. “ಬರೋಬರಿ ಕೊಡಾಕತ್ತಿಯಿಲ್ಲ?” ಎಂದು ಅವ್ವ ಕೇಳಿದಾಗ ಹೌದು ಎಂದೆ. “ಈ ಗುಳಿಗಿ ಇವಗ ಹತ್ತೂದಿಲ್ಲ ಬಿಡು,” ಎಂದು ಅವಳು ತರುವುದನ್ನೇ ಬಿಟ್ಟಳು. ತಮ್ಮ ಸೊರಗುತ್ತ ಹೋದ. ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ.

ಗುಳಿಗೆ ನಿಲ್ಲಿಸಿ ಮಗನನ್ನು ಕಳೆದುಕೊಂಡೆನೆಂದು ಅವ್ವ ಇಷ್ಟು ವರ್ಷ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮೊನ್ನೆ ಅವಳ ಕೈ ಹಿಡಿದು ಬಾಯಿಬಿಟ್ಟೆ: “ಅವ್ವಾ, ಗುಳಿಗಿ ಚಲೋನ ಇತ್ತು. ನಾನ ಬಿಸೀದರಾಗ ಹಾಕಿ ಕೆಡಿಸಿದ್ನಿ. ನಿಂದೇನೂ ತಪ್ಪಿಲ್ಲ. ನಂದ ತಪ್ಪಾತವ್ವಾ.”