ರಕ್ತ ಹೇಳುವ ಮೊದಲು

ಬಡಗಿ ಬೇಕರಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಬಾಯಿ ತೆರೆಯುವಷ್ಟರಲ್ಲಿ, ಬೇಕರಿಯ ಒಡತಿ ಹಿಟ್ಟು ಮೆತ್ತಿದ ಕೈಯನ್ನು ಅವನ ಮುಖದೆದುರು ಎತ್ತಿ ಹಿಡಿದಳು.

“ಮಾತಾಡಬೇಡಿ. ಒಂದಕ್ಷರನೂ ಬೇಡ. ಆಸ್ಪತ್ರೆಯಿಂದ ನೇರ ಬಂದ್ರಾ?”

ಅವನು ಹೌದೆಂದು ತಲೆಯಾಡಿಸಿದ. ಇಬ್ಬರೂ ಎಷ್ಟೋ ವರ್ಷಗಳಿಂದ ಎದುರುಬದುರು ಅಂಗಡಿ ನಡೆಸಿಕೊಂಡು ಬಂದವರು. ಅವನಿಗೆ ಹೆಂಡತಿ ಇಲ್ಲ, ಅವಳಿಗೆ ಗಂಡ ಇಲ್ಲ. ಮದುವೆಯಾಗೋಣವೇ ಎಂದು ಕೇಳಿದ ದಿನವೇ ಬಡಗಿ ತನ್ನ ಕಾಯಿಲೆಯನ್ನೂ ಹೇಳಿದ್ದ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಸೊಂಟದ ಮೂಳೆಗೂ ಹಬ್ಬಿದೆ. ಗೆಡ್ಡೆಯ ಕುರುಹು ರಕ್ತದಲ್ಲಿ ತೇಲುತ್ತಿರುತ್ತದಂತೆ. ಅದನ್ನು ನೋಡಿಯೇ ಡಾಕ್ಟರಮ್ಮ ಇಂಥ ಮಾತ್ರೆಯೇ ಆಗಬೇಕೆಂದು ಆರಿಸಿದ್ದಾರೆ. ಆ ಮಾತ್ರೆ ಹಿಡಿಯಿತೋ ಇಲ್ಲವೋ ಎಂಬುದು ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. “ಅಲ್ಲಿಯವರೆಗೆ ನೀವು ಉತ್ತರ ಹೇಳಬೇಡಿ,” ಎಂದು ಅವನೇ ಕೇಳಿಕೊಂಡಿದ್ದ.

ಓವನ್‌ನಿಂದ ಬನ್ನಿನ ಟ್ರೇ ಎಳೆಯುತ್ತಿದ್ದ ಅವಳ ಮಗ ತಿರುಗಿ ನೋಡಿದ. “ಅಮ್ಮ, ಅವರು ಹೇಳಲಿ ಬಿಡು. ತಿಳ್ಕೊಂಡು ಆಮೇಲೆ ಯೋಚನೆ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ? ಅಪ್ಪನ ಜೊತೆ ಆಸ್ಪತ್ರೆ ಅಲೆದಿದ್ದು ಸಾಕಾಗಲಿಲ್ವಾ?”

“ಅಲೆದಿದೀನಿ ಕಣೋ, ಅದಕ್ಕೇ ಗೊತ್ತು ನಂಗೆ ಅದೇನು ಅಂತ. ಯಾರೂ ಬಂದು ಹೆದರಿಸಬೇಕಾಗಿಲ್ಲ.” ಅವಳು ಬಡಗಿಯ ಕಡೆ ತಿರುಗಿದಳು. “ನೀವು ಕೇಳಿಸ್ಕೊಳ್ಳಿ. ನಾನು ಒಪ್ಪಿದೀನಿ. ಮದುವೆ ಆಗೋಣ.”

ಬಡಗಿ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. “ಅಲ್ರೀ, ನಾನಿನ್ನೂ ಏನೂ ಹೇಳೇ ಇಲ್ಲ...”

“ಒಳ್ಳೇದು ಕೇಳಿ ಒಪ್ಪಿದ್ರೆ, ನಾಳೆ ಯಾವತ್ತೋ ಮಾತಿಗೆ ಮಾತು ಬಂದಾಗ ‘ಇವಳು ನನ್ನ ರಕ್ತ ನೋಡಿ ಒಪ್ಪಿದ್ಲು’ ಅಂತ ನಿಮ್ಮ ತಲೇಲಿ ಹುಳ ಕೊರೆಯುತ್ತೆ. ಕೆಟ್ಟದ್ದು ಕೇಳಿ ಒಪ್ಪಿದ್ರೆ ಕನಿಕರಕ್ಕೆ ಒಪ್ಪಿದ್ಲು ಅಂತೀರಿ. ಈಗಾದ್ರೆ ಎರಡೂ ಇಲ್ಲ. ಹ್ಞೂಂ, ಈಗ ಹೇಳಿ.”

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವನಿಗೆ ಮರೆತೇಹೋಯಿತು. “ರಕ್ತದಲ್ಲಿ ಅದರ ಸುಳಿವೇ ಸಿಗ್ತಿಲ್ವಂತೆ,” ಎಂದ. “ಪೂರ್ತಿ ಹೋಯ್ತು ಅಂತಲ್ಲ, ಎಲ್ಲೋ ಅಡಗಿ ಕೂತಿರಬಹುದು, ಮಾತ್ರೆ ಬಿಡೋ ಹಾಗಿಲ್ಲ ಅಂದ್ರು. ಆದ್ರೆ ಇಷ್ಟು ಬೇಗ ಬಾಲ ಮುದುರಿಕೊಂಡಿದ್ದು ಒಳ್ಳೆ ಲಕ್ಷಣವಂತೆ. ಇಂಥವರು ಸಾಮಾನ್ಯವಾಗಿ ವರ್ಷಗಟ್ಟಲೆ ಚೆನ್ನಾಗಿರ್ತಾರಂತೆ.”

ಮಗ ಬಂದು ಅವನ ಬೆನ್ನು ತಟ್ಟಿದ. ಬಿಸಿ ಬನ್ನೊಂದನ್ನು ಅವನ ಕೈಗೆ ತುರುಕಿದ. ಒಡತಿ ಮಾತ್ರ ಹಿಂದಿದ್ದ ಹಿಟ್ಟಿನ ಮೂಟೆಯ ಮೇಲೆ ದೊಪ್ಪನೆ ಕುಸಿದು ಕೂತಳು. ಹಿಟ್ಟು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡಳು, ಹುಬ್ಬೆರಡೂ ಬೆಳ್ಳಗಾದವು.

“ಏನೋ ದೊಡ್ಡ ಧೈರ್ಯವಂತೆ ಥರ ಮಾತಾಡಿದ್ರಲ್ಲ,” ಎಂದು ಬಡಗಿ ನಕ್ಕ. “ಹಾಗಾದ್ರೆ ಯಾವತ್ತು ಇಟ್ಕೊಳ್ಳೋಣ? ಈ ವಾರವೇ?”

“ಕೆಟ್ಟ ಸುದ್ದಿ ತಂದಿದ್ರೆ ನಾಳೆ ಬೆಳಿಗ್ಗೇನೇ ಅಂತಿದ್ದೆ. ಈಗ ಏನ್ರೀ ಅವಸರ?” ಅವಳು ಮೂಗು ಒರೆಸಿಕೊಂಡು, ಮೂಟೆಯ ಮೇಲೆ ನೆಟ್ಟಗೆ ಕೂತಳು. “ಒಂದಷ್ಟು ದಿನ ನನ್ನ ಹಿಂದೆ ಸುತ್ತಿ. ಮೊದಲ್ನೇ ಮದುವೇಲಿ ಯಾರೂ ಸುತ್ತಿರಲಿಲ್ಲ.”