ಎದುರುಬದುರು

ಎರಡು ಉದ್ದನೆಯ ಅಲ್ಯೂಮಿನಿಯಂ ಕೊಳವೆಗೆ ಒಂದೂವರೆ ಲಕ್ಷ, ಅದರ ಮೇಲೆ ಹಾಸಿದ ಹಲಗೆಗೆ ನಲವತ್ತು ಸಾವಿರ, ಯಾರೋ ಬಳಸಿ ಬಿಟ್ಟ ಮೋಟಾರಿಗೆ ಎಪ್ಪತ್ತು ಸಾವಿರ. ಬೆಸುಗೆ ಮಾತ್ರ ಪುಕ್ಕಟೆ, ಬೆಸುಗೆಯವನು ದೋಣಿಯವನ ಹೆಂಡತಿಯ ತಮ್ಮ. ಅವನ ಮಾತು ಕೇಳಿಸಿಕೊಳ್ಳಬೇಕು, ಅದೇ ಕೂಲಿ. ಹಳೆಯ ಮರದ ದೋಣಿ ಮಾರಿ ಬಂದದ್ದು ಎಂಟು ಸಾವಿರ.

“ಎಂಟು ಸಾವಿರಕ್ಕೆ ಮೂವತ್ತೊಂದು ವರ್ಷ ಮಾರಿಬಿಟ್ರಿ,” ಎಂದಳು ಹೆಂಡತಿ, ದಡದ ಕಟ್ಟೆಯ ಮೇಲೆ ನಿಂತು. “ನನ್ನನ್ನ ಒಂದು ಮಾತು ಕೇಳಿದ್ರಾ?”

“ಕೇಳಿದ್ರೆ ಮಾರೋಕೆ ಬಿಡ್ತಿದ್ಯಾ? ಹತ್ತು ಬಾ,” ಎಂದ ದೋಣಿಯವನು, ಕೊಳವೆಗಳ ಮೇಲೆ ತೇಲುವ ಹೊಸ ಪಾಂಟೂನ್ ದೋಣಿಯ ಹಗ್ಗ ಬಿಚ್ಚುತ್ತಾ.

“ಒಂದೇ ಸುತ್ತು. ಮನಸ್ಸಿಗೆ ಬರಲಿಲ್ಲ ಅಂದ್ರೆ ಇಳಿದುಬಿಡ್ತೀನಿ. ಆಮೇಲೆ ಬಾ ಬಾ ಅಂತ ಪ್ರಾಣ ತಿನ್ನಬಾರದು.”

ಅವನು ಹೂಂ ಅಂದ. ಅವಳು ಬರದಿದ್ದರೆ ಇಷ್ಟು ದುಡ್ಡು ಸುರಿದದ್ದು ಯಾತಕ್ಕೆ ಎಂದು ಕೇಳಲು ಬಾಯಿ ಬರಲಿಲ್ಲ.

ಮೂವತ್ತೊಂದು ವರ್ಷ ಇಬ್ಬರೂ ಆಚೆ ದಡದ ಅಂಗಡಿಗಳಿಗೆ ಅಕ್ಕಿ, ಸಕ್ಕರೆ, ಗ್ಯಾಸ್ ಸಿಲಿಂಡರ್ ಸಾಗಿಸಿದ್ದರು. ನಡುವೆ ಸಾಮಾನು. ಹಿಂದೆ ನಿಂತು ಹುಟ್ಟು ಹಾಕುವ ಅವನು, ಮುಂದಿನ ತುದಿಯಲ್ಲಿ ಸಾಮಾನಿನ ಮೇಲೆ ಕಣ್ಣಿಟ್ಟು, ಅವನಿಗೆ ಎದುರಾಗಿ ಕಾಲು ಮಡಚಿ ಕೂತ ಅವಳು. ಅವನು ಒಂದು ಮಗ್ಗುಲಿಗೆ ಬಾಗಿದರೆ ಅವಳು ಇನ್ನೊಂದಕ್ಕೆ ಬಾಗಬೇಕು, ಇಲ್ಲದಿದ್ದರೆ ಸಕ್ಕರೆಯೆಲ್ಲ ಮೀನಿನ ಪಾಲು. ಎರಡು ವರ್ಷದ ಹಿಂದೆ ಅವಳ ಮಂಡಿ ಮಡಚಲು ಒಪ್ಪಲಿಲ್ಲ. ಅವಳ ಜಾಗದಲ್ಲಿ ಅವನು ಮರಳಿನ ಮೂಟೆ ಇಟ್ಟುಕೊಂಡ. ತೂಕವೇನೋ ಸರಿಹೋಯಿತು, ಆದರೆ ಮೂಟೆಯ ಜೊತೆ ಎಷ್ಟು ಹೊತ್ತು ಮಾತಾಡುವುದು?

ಹೊಸ ದೋಣಿಗೆ ಅವಳು ಹೊಸ್ತಿಲು ದಾಟಿದ ಹಾಗೆ ಹತ್ತಿದಳು. ಹಿಂದೆ ಕೂತಿದ್ದ ಬೆಸುಗೆಯವನು ಮೋಟಾರಿನ ಹಗ್ಗ ಎಳೆದು ಚಾಲೂ ಮಾಡಿದ. ದೋಣಿ ಮನೆಯ ಜಗಲಿಯೇ ನೀರಿಗಿಳಿದಂತೆ ಹೊರಟಿತು. ಕೊಳವೆ ಎಲ್ಲಾದರೂ ಒಸರುತ್ತಿದೆಯೇ ಎಂದು ಗಂಡ ಬಲಗಡೆಯ ಕಂಬಿಯಾಚೆ ಬಗ್ಗಿದ್ದೇ ತಡ, ಹೆಂಡತಿ ಕುಂಟುತ್ತಲೇ ಎಡಗಡೆಗೆ ಧಾವಿಸಿ ಕಂಬಿ ಹಿಡಿದಳು.

“ಅಕ್ಕಾ, ಎಲ್ಲಿಗೆ ಓಟ? ಹತ್ತು ಎಮ್ಮೆ ಒಂದೇ ಕಡೆ ನಿಂತ್ರೂ ಇದು ಮಗುಚಲ್ಲ!”

“ಎಮ್ಮೆ ಕಟ್ಟಿ ನೋಡಿದ್ದೀಯೇನೋ ನೀನು?” ಎಂದು ಅವಳು ಬೈದಳು. ಸ್ವಲ್ಪ ಹೊತ್ತಿಗೆ ನೀರು ಮುಟ್ಟಲು ಅವಳು ಬಗ್ಗಿದಾಗ, ಗಂಡ ತನಗೇ ತಿಳಿಯದೆ ಆಚೆ ಮಗ್ಗುಲಿಗೆ ಹೋಗಿ ನಿಂತಿದ್ದ.

“ಸರಿಹೋಯ್ತು! ಒಬ್ಬರಿಗಿಂತ ಒಬ್ಬರು. ಭಾವ, ಇಬ್ಬರೂ ಬಂದು ಆ ಮುಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಅಕ್ಕಪಕ್ಕ. ನನ್ನ ಬೆಸುಗೆ ಮರ್ಯಾದೆ ತೆಗೀಬೇಡಿ.”

ನೀರಿನ ಮೇಲೆ ಅವರು ಅಕ್ಕಪಕ್ಕ ಕೂತದ್ದು ಅದೇ ಮೊದಲು. ದೋಣಿ ವಾಲುತ್ತದೆಂದು ಇಬ್ಬರೂ ಬೆಂಚಿನ ಅಂಚು ಬಿಗಿಹಿಡಿದರು. ವಾಲಲಿಲ್ಲ. ಎದುರಿನ ದಡ, ಅಂಗಡಿಗಳ ತಗಡಿನ ಸೂರು, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರು, ಒಂದೊಂದಾಗಿ ದೊಡ್ಡದಾಗುತ್ತಾ ಬಂದವು.

“ಇಷ್ಟು ಚೆನ್ನಾಗಿ ಬರುತ್ತಾ ಆಚೆ ದಡ? ನನಗೆ ಬರೀ ಬಿಟ್ಟು ಬಂದ ದಡವೇ ಕಾಣ್ತಿತ್ತು,” ಎಂದಳು.

“ಮೊದಲನೇ ದಿನವೇ ಹೇಳಬಾರದಿತ್ತಾ?”

“ಮದುವೆಯಾಗಿ ಮೂರು ದಿನ. ದೋಣಿಗೆ ಕಾಲಿಟ್ಟ ತಕ್ಷಣ ನೀವು ಆಡಿದ ಮಾತು ನೆನಪಿದೆಯಾ? ‘ಅಲುಗಾಡಬೇಡ.’ ಹೆಂಡತಿ ಹತ್ರ ಯಾರಾದ್ರೂ ಹಾಗೆ ಮಾತು ಶುರು ಮಾಡ್ತಾರಾ?”

“ನೀನು ಅಲುಗಾಡಲೂ ಇಲ್ಲ,” ಎಂದ ಅವನು, ಎದುರಿನ ದಡ ನೋಡುತ್ತಲೇ. ಇಬ್ಬರೂ ನಕ್ಕರು.

ವಾಪಸು ಬರುವಾಗ ಮೋಟಾರು ಗಂಡನ ಕೈಗೆ ಬಂತು. ಅವನು ಹಿಂದೆ, ಅವಳು ಮುಂದಿನ ಬೆಂಚಿನಲ್ಲಿ. ಅವಳ ಬೆನ್ನು, ನರೆತ ತುರುಬು, ಅಷ್ಟೇ ಅವನಿಗೆ ಕಾಣುತ್ತಿದ್ದುದು. ಅವಳು ಏನೋ ಹೇಳಲು ಮೂರು ಸಲ ಕತ್ತು ಹೊರಳಿಸಿದಳು. ಮೂರು ಸಲವೂ ಅವನ ಮುಖ ಸಿಗದೆ ಮತ್ತೆ ಮುಂದಕ್ಕೆ ತಿರುಗಿದಳು.

ಕಟ್ಟೆ ಮುಟ್ಟಿದಾಗ ಅವಳು ಇಳಿಯಲಿಲ್ಲ. ಗಂಡ ಹಗ್ಗ ಹಿಡಿದು ಕಾದ.

“ಲೋ, ಈ ಬೆಂಚು ಮೋಟಾರಿನ ಕಡೆಗೆ ತಿರುಗಿಸು,” ಎಂದಳು ತಮ್ಮನಿಗೆ.

“ಬೋಲ್ಟಲ್ಲ ಅಕ್ಕಾ, ಬೆಸುಗೆ ಹಾಕಿದ್ದೀನಿ. ಕತ್ತರಿಸಬೇಕಾಗುತ್ತೆ.”

“ಕತ್ತರಿಸು. ನಾಳೆ ಬೆಳಿಗ್ಗೆ ಸಾಮಾನು ಹೇರೋದ್ರೊಳಗೆ ಆಗಿರಬೇಕು.”

“ತಿರುಗಿಸಿದ್ರೆ ಮುಂದಿಂದು ಏನೂ ಕಾಣಲ್ವಲ್ಲ ಅಕ್ಕಾ! ಈಗ ತಾನೇ ಅಷ್ಟು ಖುಷಿಯಾಗಿ ನೋಡಿದೆ?”

“ನೋಡಾಯ್ತಲ್ಲ,” ಎಂದಳು.

ಕತ್ತರಿಸಿ ಮತ್ತೆ ಬೆಸೆಯಲು ಸಂಜೆಯಾಯಿತು. ಅವಳಿಗೆ ಆಚೆ ದಡ ತಪ್ಪಿಹೋಯಿತು. ಗಂಡನ ಮುಖ ಉಳಿಯಿತು.